ಬೂದಿ ಬಣ್ಣದ ಸಿಹಿಗುಂಬಳ

ಹಿತ್ತಲಿಗೆ ಕಾಲಿಟ್ಟರೆ ಸಾಕು, ಅಕ್ಕನ ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಹೀಚುಕಾಯಿಗೆ ಬೆರಳು ನೀಡಿ ತೋರಿಸಿದರೆ ಅದು ಕೊಳೆತು ಉದುರುತ್ತದೆ ಎಂದು ಅವರ ಗಟ್ಟಿ ನಂಬಿಕೆ. ಹಾಗಾಗಿ ಏನನ್ನು ತೋರಿಸಬೇಕಿದ್ದರೂ ಬೆರಳಿನ ಗೆಣ್ಣನ್ನಷ್ಟೇ ಮುಂದೆ ಮಾಡುತ್ತಿದ್ದರು. ಆ ಗೆಣ್ಣಿನ ಗೆರೆಗಳಲ್ಲಿ ಸಂಡೂರಿನ ಕೆಂಪು ಧೂಳು ಕೂತುಬಿಟ್ಟಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಾನೊಮ್ಮೆ ತಿಳಿಯದೆ ಬೆರಳು ನೀಡಿದೆ. ಪಟ್ಟನೆ ಕೈಮೇಲೆ ಹೊಡೆದರು. ಇನ್ನೂ ಪರಿಚಯವೇ ಸರಿಯಾಗಿ ಆಗಿರಲಿಲ್ಲ, ಏಟು ಮೊದಲು ಬಿತ್ತು!

ಅದು ಗಣಿಯ ಭರಾಟೆಯ ಕಾಲ. ಯಶವಂತನಗರದಲ್ಲಿ ಅಕ್ಕನದೂ ನಮ್ಮದೂ ಪಕ್ಕಪಕ್ಕದ ಮನೆ; ಒಡಹುಟ್ಟಿದವರಲ್ಲ, ನಾನು ಹಾಗೆ ಕರೆಯುತ್ತಿದ್ದೆ. ನಾನು ಕಮಲಾಪುರದಿಂದ ಅಲ್ಲಿನ ಶಾಲೆಗೆ ಟೀಚರಾಗಿ ಬಂದವಳು. ಬಾಳೆತೋಟ, ಕಾಲುವೆ ನೀರು ನೋಡಿ ಬೆಳೆದವಳಿಗೆ ಈ ಊರು ಕಂಡರೆ ಮೈ ಉರಿಯುತ್ತಿತ್ತು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಬೆಳಗಾದರೆ ವರ್ಗ ಮಾಡಿಸಿಕೊಂಡು ಹೋಗೋಣ ಎಂದು ಗಂಡನ ಜೀವ ತಿನ್ನುತ್ತಿದ್ದೆ.

ಮನೆಗಳ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಒಂದಿಷ್ಟು ಖಾಲಿ ಜಾಗವಿತ್ತು. ಹಿಂದೆ ಯಾರೋ ಸಾಹೇಬರು ಅದನ್ನು ಮನೆಗೊಂದು ಪಟ್ಟಿಯಂತೆ ಹಂಚಿ, ತರಕಾರಿ ಬೆಳೆದುಕೊಳ್ಳಿ ಎಂದಿದ್ದರಂತೆ. ಉಳಿದವರೆಲ್ಲ ಧೂಳಿಗೆ ಬೇಸತ್ತು ಕೈಬಿಟ್ಟರು. ಅಕ್ಕ ಮಾತ್ರ ಅವರ ಪಟ್ಟಿಗಳನ್ನೂ ಕೇಳಿ ಪಡೆದು ಕುಂಬಳ ಹಬ್ಬಿಸಿದರು. ಅವೂ ಎಂಥವು ಅಂತೀರಿ! ರುಮಾಲು ಸುತ್ತಿದಂಥದು, ಬಾತಿನ ಕತ್ತಿನಂತೆ ಬಾಗಿದ್ದು, ಮೈತುಂಬ ಗುಳ್ಳೆ ಎದ್ದದ್ದು, ಹಸಿರು ಪಟ್ಟೆಯದು. ಅವರ ಯಜಮಾನರು ಸ್ವಂತ ಲಾರಿಯಲ್ಲಿ ಅದಿರು ತುಂಬಿಕೊಂಡು ಬಂದರಿಗೆ ಹೋಗುತ್ತಿದ್ದರು. ದಾರಿಯಲ್ಲಿ ಎಲ್ಲಿ ಹೊಸ ನಮೂನೆಯ ಕುಂಬಳ ಕಂಡರೂ ಬೀಜ ಕೇಳಿ ತರಬೇಕು, ಇಲ್ಲದಿದ್ದರೆ ಮನೆಯಲ್ಲಿ ಮುಖ ಊದಿರುತ್ತಿತ್ತು. ಜೊತೆಯ ಡ್ರೈವರುಗಳೂ ಜೇಬಿನಲ್ಲಿ ಬೀಜ ತಂದು ಕೊಡುತ್ತಿದ್ದರು.

ಆ ಧೂಳಿನಲ್ಲಿ ಜೇನ್ನೊಣ ಎಲ್ಲಿಂದ ಬರಬೇಕು? ಮರುದಿನ ಅರಳುವ ಮೊಗ್ಗುಗಳಿಗೆ ಅಕ್ಕ ಸಂಜೆಯೇ ದಾರ ಕಟ್ಟಿಡುತ್ತಿದ್ದರು, ಅಪ್ಪಿತಪ್ಪಿ ಬಂದ ಒಂದೆರಡು ನೊಣದಿಂದಲೂ ತಳಿ ತಳಿ ಬೆರೆಯಬಾರದು ಎಂದು. ಬೆಳಿಗ್ಗೆ ದಾರ ಬಿಚ್ಚಿ, ಗಂಡುಹೂ ಕಿತ್ತು ಹೆಣ್ಣುಹೂವಿನೊಳಗೆ ಮೆಲ್ಲಗೆ ತಾಗಿಸುತ್ತಿದ್ದರು. ಆಗ ಯಾರಾದರೂ ಕರೆದರೆ, “ಮದಿವಿ ಮಾಡ್ಸಾಕತ್ತೀನಿ, ಮಾತಾಡಿಸಬ್ಯಾಡ್ರಿ” ಎನ್ನುವರು. ನೋಡನೋಡುತ್ತ ನನಗೂ ಆ ಮದುವೆಗಳ ಹುಚ್ಚು ಹಿಡಿಯಿತು. ಬಸುರಿಯಾಗಿದ್ದೆ, ಬೆಳಗಿನ ವಾಕರಿಕೆ ಆ ಹಿತ್ತಲಿನಲ್ಲಿ ಎಷ್ಟೋ ಕಡಿಮೆಯಾಗುತ್ತಿತ್ತು.

ಇಷ್ಟು ತಳಿಗಳಲ್ಲಿ ಒಂದು ಮಾತ್ರ ಅಕ್ಕನಿಗೆ ಪ್ರಾಣ. ಮೆಟ್ರಿ ಎಂಬ ಊರಿನ ತವರುಮನೆಯಲ್ಲಿ ಅವರ ತಾಯಿ ಬೆಳೆಯುತ್ತಿದ್ದ ಸಿಹಿಗುಂಬಳ ಅದು. ಹೊರಗೆ ಥೇಟ್ ಬೂದುಗುಂಬಳದ ಹಾಗೆ ಬೂದಿ ಬಳಿದ ಬಣ್ಣ, ಒಳಗೆ ಕೇಸರಿ. ತಾಯಿ ಹೋದ ಮೇಲೆ ತವರಿನ ಹಿತ್ತಲನ್ನೂ ಗದ್ದೆ ಮಾಡಿಬಿಟ್ಟಿದ್ದರು, ಅಲ್ಲಿ ಬಳ್ಳಿ ಉಳಿದಿರಲಿಲ್ಲ. ಅಕ್ಕ ತಮ್ಮ ಬಳಿಯಿದ್ದ ಬೀಜವನ್ನೆಲ್ಲ ಆ ವರ್ಷ ಬಿತ್ತಿದರು. ನಿಂತದ್ದು ಒಂದೇ ಕಾಯಿ. ಅದನ್ನು ಬಲಿಯಲು ಬಿಟ್ಟು, ಕೊಯ್ದು, ಬೀಜಕ್ಕೆಂದು ಅಟ್ಟದ ಮೇಲೆ ಇಟ್ಟಿದ್ದರು.

ಆಯುಧಪೂಜೆ ಬಂತು. ಲಾರಿಗಳೇ ತುಂಬಿದ ಊರಿನಲ್ಲಿ ದೃಷ್ಟಿ ತೆಗೆಯಲು ಬೂದುಗುಂಬಳ ಎಲ್ಲಿ ಉಳಿಯಬೇಕು? ಯಜಮಾನರು ಹೊಸಪೇಟೆಯಿಂದ ತರಲು ಮರೆತಿದ್ದರು. ನಾನೂ ಅಕ್ಕನೂ ನಮ್ಮ ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಾಗ ಅವರು ಅಟ್ಟದ ಕಡೆ ನೋಡಿದ್ದಾರೆ, ಬೂದಿ ಬಣ್ಣದ ಕಾಯಿ ಕಂಡಿದೆ. ಕುಂಕುಮ ಹಚ್ಚಿ, ಕರ್ಪೂರ ಉರಿಸಿ, ಲಾರಿಗೆ ನಿವಾಳಿಸಿ ರಸ್ತೆಗೆ ಅಪ್ಪಳಿಸಿಯೇ ಬಿಟ್ಟರು. ಒಳಗೆ ಬಿಳಿಯ ಬದಲು ಕೇಸರಿ ಕಂಡು ಅವರ ಮುಖ ಸುಣ್ಣವಾಯಿತು.

ಸದ್ದು ಕೇಳಿ ಹೊರಗೆ ಬಂದ ಅಕ್ಕನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಲಾರಿಗಳು ಆಗಲೇ ಸಾಲಾಗಿ ಸ್ಟಾರ್ಟ್ ಆಗುತ್ತಿದ್ದವು. ಅಕ್ಕ ನೇರವಾಗಿ ಹೋಗಿ ಗಂಡ ಆಗಲೇ ಹತ್ತಿ ಕೂತಿದ್ದ, ಹೂವಿನ ಹಾರ ತೊಟ್ಟ ಲಾರಿಯ ಮುಂದೆ ನಿಂತರು.

“ಗಾಡಿ ಬಂದ್ ಮಾಡ್ರಿ. ಇದು ನಮ್ಮವ್ವನ ಕಾಯಿ.”

ದೃಷ್ಟಿ ತೆಗೆದು ಒಡೆದದ್ದನ್ನು ನಾವು ಯಾರೂ ದಾಟುವುದಿಲ್ಲ, ಮುಟ್ಟುವುದಂತೂ ದೂರದ ಮಾತು. ನೆರೆದವರೆಲ್ಲ ಬ್ಯಾಡ ಬ್ಯಾಡ ಎಂದರು. ಅಂಥವನ್ನು ಅಕ್ಕನಷ್ಟು ನಂಬುವವರು ಆ ಕೇರಿಯಲ್ಲೇ ಇರಲಿಲ್ಲ. ಆದರೂ ಬಗ್ಗಿ ಮಣ್ಣಿನಿಂದ ಬೀಜ ಆರಿಸತೊಡಗಿದರು. ನಾನೂ ಬಗ್ಗಿದೆ. ಅಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

“ನೀ ಮುಟ್ಟಬ್ಯಾಡ ತಂಗಿ. ಹೊಟ್ಟ್ಯಾಗ ಕೂಸೈತಿ. ಏನ್ ಬರ್ತೈತಿ, ನನಗ ಬರ್ಲಿ.”

ಯಜಮಾನರು ಇಂಜಿನ್ ಆರಿಸಿದರು. ಆಮೇಲೆ ಲಾರಿಯಿಂದ ಇಳಿದು ಹೊಸ ಅಂಗಿಯಲ್ಲೇ ಮಣ್ಣಿಗೆ ಮಂಡಿಯೂರಿದರು.

ಜಜ್ಜಿಹೋದವನ್ನು ಬಿಟ್ಟು ಉಳಿದ ಬೀಜಗಳನ್ನು ಅಕ್ಕ ನೆರಳಿನಲ್ಲಿ ಒಣಗಿಸಿದರು, ಕೆಲವನ್ನು ಡಬ್ಬಿಯೊಂದರಲ್ಲಿ ಊರಿ ನೋಡಿದರು. ಆ ದಿನಗಳಲ್ಲಿ ಅವರ ಮನೆಯಲ್ಲಿ ಒಗ್ಗರಣೆಯ ಸದ್ದೂ ಸರಿಯಾಗಿ ಕೇಳುತ್ತಿರಲಿಲ್ಲ. ಗಂಡನ ಲಾರಿ ತಿರುಗಿ ಬರುವವರೆಗೆ ಅಕ್ಕ ಬಾಗಿಲಲ್ಲೇ ಇರುತ್ತಿದ್ದರು, ದೃಷ್ಟಿಯ ಭಯ. ಯಜಮಾನರಿಗೆ ಡಬ್ಬಿಯ ಭಯ. ಒಂದು ಬೆಳಿಗ್ಗೆ ಅವರೇ ಓಡಿಬಂದು ನಮ್ಮ ಬಾಗಿಲು ಬಡಿದು, “ಬಂದೈತ್ರಿ” ಎಂದರು. ಹೋಗಿ ನೋಡಿದರೆ ಡಬ್ಬಿಯ ತುಂಬ ಮೊಳಕೆ. ಅಕ್ಕ ನೆಲಕ್ಕೆ ಕುಸಿದು ಅತ್ತರು, ಅಳುತ್ತಲೇ ನಕ್ಕರು. ಅಬ್ಬಾ, ನನಗೂ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಚಳಿಗಾಲದಲ್ಲಿ ನನ್ನ ಮಗಳು ಸುಖವಾಗಿ ಹುಟ್ಟಿದಳು. ಅವಳ ಕೈಕಾಲು ಬೆರಳುಗಳನ್ನೆಲ್ಲ ಮುಟ್ಟಿ ನೋಡಿದ ಮೇಲೆಯೇ ಅಕ್ಕ ನಿಶ್ಚಿಂತರಾದದ್ದು. ವರ್ಗದ ಮಾತು ನಾನು ಮತ್ತೆ ಎತ್ತಲಿಲ್ಲ.

ಗಣಿ ನಿಂತ ಮೇಲೆ ನಾವು ಕಮಲಾಪುರಕ್ಕೆ ಬಂದೆವು, ಅವರು ಹೊಸಪೇಟೆಗೆ ಹೋದರು. ಅಕ್ಕ ಹೋದ ವರ್ಷ ತೀರಿಕೊಂಡರು. ಮಲಗಿದವರು ಏಳಲಿಲ್ಲ, ನರಳಲಿಲ್ಲ ಎಂಬುದೊಂದೇ ಸಮಾಧಾನ. ತಿಂಗಳು ಕಳೆದ ಮೇಲೆ ಯಜಮಾನರ ಫೋನ್ ಬಂತು.

“ಟೀಚರ್ರೇ, ಅಟ್ಟದ ಮ್ಯಾಲ ಒಂದ್ ಕಾಯಿ ಬಿಟ್ಟು ಹೋಗ್ಯಾಳ. ನನ್ನ ಕೈಲೆ ಕೊಯ್ಯಾಕ ಆಗವಲ್ದು. ನೀವ ಬರ್ರಿ.”

ಹೋದೆ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಕತ್ತಿ ಹಚ್ಚಬಾರದು ಎಂದು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದರು. ನೀವೇ ಹಚ್ಚಬೇಕು ಎಂದೆ. ಅವರು ಆ ಬೂದಿ ಬಣ್ಣದ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಾಕುವನ್ನು ಅಷ್ಟಷ್ಟೇ ಒತ್ತುತ್ತ ಸುತ್ತಲೂ ಸೀಳಿದರು. ಎರಡು ಹೋಳಾದ ಮೇಲೆ ಕೈಯಿಂದಲೇ ಬೀಜ ಬಿಡಿಸಿ, ಬೊಗಸೆಯಲ್ಲಿ ಹಿಡಿದು, ಬಹಳ ಹೊತ್ತು ನೋಡಿದರು.

“ಒಂದಕ್ಕೂ ಪೆಟ್ಟಾಗಿಲ್ಲ ನೋಡ್ರಿ” ಎಂದರು.