ಸೋಮವಾರ ಬಾರದ ಗಾಡಿಗಳು

1978ರ ಜನವರಿಯ ಒಂದು ಮಂಗಳವಾರ, ಹಿರಿಯೂರು ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಹರಿಯಬ್ಬೆಯ ಕಬ್ಬಿನ ಗಾಡಿಯನ್ನು ತಡೆದು ನಿಲ್ಲಿಸಿದ್ದರು. ಗಾಡಿಯ ಪಕ್ಕ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವರು ನಮ್ಮ ಸಾಹೇಬರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಬೆಂಗಳೂರಿನ ಕಂಪ್ಯೂಟರ್ ಕೇಂದ್ರದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ನಮಗೆ ಅವರೇ ಮುಖ್ಯಸ್ಥರು. ಯಾವ ರೈತ ಯಾವ ದಿನ ಕಬ್ಬು ತರಬೇಕೆಂಬ ಸರದಿ ಚೀಟಿಯನ್ನು ಆ ಹಂಗಾಮಿನಿಂದ ನಮ್ಮ ಯಂತ್ರ ಅಚ್ಚು ಹಾಕುತ್ತಿತ್ತು. ಸರದಿ ತಪ್ಪಿದವರು ಹಂಗಾಮಿನ ಕೊನೆಯವರೆಗೆ ಕಾಯಬೇಕು. ಸೋಮವಾರ ಗಾಡಿಗಳೇ ಬರುತ್ತಿಲ್ಲವೆಂದು ದೂರು ಬಂದಾಗ, ಪ್ರೋಗ್ರಾಂ ಬರೆದಿದ್ದ ನನ್ನ ಸಹೋದ್ಯೋಗಿ ಅದು ರೈತರ ಅಶಿಸ್ತು ಎಂದ. ಸಾಹೇಬರು, "ನೋಡಿಕೊಂಡು ಬರೋಣ" ಎಂದರು. ಯಾವ ದೂರಿಗೂ ಅವರು ಹೇಳುತ್ತಿದ್ದುದು ಅಷ್ಟೇ.

ಗಾಡಿಯೊಡತಿ ಐವತ್ತು ದಾಟಿದ ಹೆಂಗಸು. ಕಡಿದ ಕಬ್ಬು ಹೇರಿದಲ್ಲೇ ಒಣಗುತ್ತಿತ್ತು. ಆಕೆಯ ವರ್ಷದ ಬೆಳೆ ಅದು. ಚೀಟಿಯಲ್ಲಿದ್ದ ಸರದಿ ಹಿಂದಿನ ದಿನದ್ದು.

"ನಿನ್ನೆ ಯಾಕೆ ಬರಲಿಲ್ಲಮ್ಮ?" ಎಂದರು ಸಾಹೇಬರು.

"ನಿನ್ನೆ ಸೋಮವಾರ ಅಲ್ವೇನ್ರಿ? ಬಸವಣ್ಣನ ಹೆಗಲಿಗೆ ನೊಗ ಇಡಾಕಾಕೈತಾ? ನಿಮ್ ಮಿಷನ್ನು ಯಾವೂರ್ದಪ್ಪ, ಅದಕ್ಕೆ ವಾರ ಗೊತ್ತಿಲ್ವಾ?"

"ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಮಗೆ ಇನ್ನೇನೇನು ಗೊತ್ತಿಲ್ಲ, ಹೇಳಿ."

"ಹಂಗಾದ್ರೆ ಸರಿಯಾಗಿ ಕುಂತ್ಕಳ್ರಿ. ಹೊತ್ತಾಗ್ತೈತೆ."

ಮೊದಲು ಕೈಯಲ್ಲಿ ಚೀಟಿ ಬರೆಯುತ್ತಿದ್ದ ಗುಮಾಸ್ತರು ಎತ್ತಿನ ಗಾಡಿಯವರಿಗೆ ಸೋಮವಾರ ಕೊಡುತ್ತಲೇ ಇರಲಿಲ್ಲವಂತೆ. ನಮಗ್ಯಾಕೆ ಹೇಳಲಿಲ್ಲ ಎಂದು ಸಹೋದ್ಯೋಗಿ ಅವರ ಮೇಲೆ ರೇಗಿದ.

"ಸೂರ್ಯ ಮೂಡ್ಲಾಗೆ ಹುಟ್ತಾನೆ ಅಂತ್ಲೂ ಹೇಳಿರ್ಲಿಲ್ಲ ಬಿಡ್ರಿ," ಎಂದರು ಗುಮಾಸ್ತರು.

ಸಾಹೇಬರು ನಕ್ಕುಬಿಟ್ಟರು. ಆಮೇಲೆ ಕಾರ್ಖಾನೆಯ ಮ್ಯಾನೇಜರ್ ಇದು ಯಾರ ತಪ್ಪು ಎಂದು ಕೇಳಿದಾಗ, "ನನ್ನದು. ಮೊದಲು ಗಾಡಿ ಒಳಗೆ ಬಿಡಿ" ಎಂದರು. ಹೊರಗೆ ಬಂದ ಮೇಲೆ ಸಹೋದ್ಯೋಗಿ, ಇನ್ನು ಯಾರಿಗೂ ಸೋಮವಾರದ ಸರದಿಯೇ ಬೇಡ, ತೆಗೆದುಬಿಡುತ್ತೇನೆ ಎಂದ.

"ಕಬ್ಬು ತರೋ ಲಾರಿಯವರನ್ನ ಕೇಳಿದೆಯೇನಯ್ಯ?" ಎಂದರು ಸಾಹೇಬರು.

ಅವನು ಕೇಳಿರಲಿಲ್ಲ. ಹೋಗಿ ಕೇಳಿದ. ಲಾರಿಯವರಿಗೆ ಯಾವ ದಿನವಾದರೂ ಸರಿ.

ಮಧ್ಯಾಹ್ನ ಆಕೆಯ ಗಾಡಿ ತೂಕದ ಕಟ್ಟೆ ಹತ್ತಿತು. ಸಹೋದ್ಯೋಗಿ ಆ ವಾರ ಬೆಂಗಳೂರಿಗೆ ಮರಳದೆ ಗುಮಾಸ್ತರ ಪಕ್ಕದಲ್ಲೇ ಕೂತ. ಮುಂದಿನ ಚೀಟಿಗಳಲ್ಲಿ ಸೋಮವಾರ ಲಾರಿಗಳಿಗೆ ಮಾತ್ರ ಬಂತು.

ನಿವೃತ್ತಿಯ ಮರುವರ್ಷವೇ ಸಾಹೇಬರು ತೀರಿಕೊಂಡರು. ಅವರ ಕುರ್ಚಿಗೆ ಆ ಸಹೋದ್ಯೋಗಿಯೇ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವನು ಮೊದಲ ವಾರ ಯಂತ್ರದ ಕೋಣೆಗೆ ಬಿಡುತ್ತಿರಲಿಲ್ಲ. ಹಿರಿಯೂರಿನ ಬಸ್ಸು ಹತ್ತಿಸುತ್ತಿದ್ದ.