ಹಕ್ಕಿ ಕಾಯುವವರ ನಡುಮಧ್ಯಾಹ್ನ

ಅತನೂರಿನ ನಮ್ಮ ಹೊಲದಲ್ಲಿ ಈಗ ಕಬ್ಬು. ಕಬ್ಬಿಗೆ ಹಕ್ಕಿಯ ಕಾಟವಿಲ್ಲ. ಹಾಗಾಗಿ ನನ್ನ ತಮ್ಮ ಬಿಸಿಲೇರುವ ತನಕ ಮಲಗಿ, ಹಸಿವೇ ಇಲ್ಲವೆಂದು ಗೊಣಗುತ್ತಾನೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಲ್ಲಿ ಬಿಳಿಜೋಳವಿತ್ತು. ತೆನೆಗೆ ಹಾಲು ತುಂಬಿತೆಂದರೆ ಹೊಲದ ನಡುವೆ ಕಂಬ ನೆಟ್ಟು ಮಂಚಿಕೆ ಕಟ್ಟಿ, ಅದರ ಮೇಲೆ ಮುತ್ಯಾ ಎಂದು ನಾನು ಕರೆಯುತ್ತಿದ್ದ ಅಜ್ಜನನ್ನೂ ನನ್ನನ್ನೂ ಹಕ್ಕಿ ಓಡಿಸಲು ಕವಣೆ ಕೊಟ್ಟು ಕೂರಿಸುತ್ತಿದ್ದರು. ನಾನು ಬೀಸಿದ ಕಲ್ಲು ಭೀಮಾ ನದಿ ದಾಟಿ ಮಹಾರಾಷ್ಟ್ರದಲ್ಲಿ ಬೀಳುತ್ತಿತ್ತು. ಅಲ್ಲಿಯವರು ಒಳ್ಳೆಯವರು, ದೂರು ಕೊಡಲಿಲ್ಲ.

ಹಕ್ಕಿಗಳು ನಸುಕಿಗೊಮ್ಮೆ, ಇಳಿಹೊತ್ತಿಗೊಮ್ಮೆ ಬರುತ್ತವೆ. ನಡುವೆ ಜಾಲಿಗಿಡದಲ್ಲಿ ತೂಕಡಿಸುತ್ತವೆ. ನಾವೂ ಹಾಗೆಯೇ. ಅರ್ಧ ಶಾಲೆ ಆಗ ಹೊಲದಲ್ಲೇ ಇರುತ್ತಿತ್ತು. ಯಾರೂ ಎಬ್ಬಿಸದೆ ಮೊದಲ ಗುಬ್ಬಿಗಿಂತ ಮೊದಲು ನನ್ನ ಕಣ್ಣು ತೆರೆಯುತ್ತಿತ್ತು. ಹೊಟ್ಟೆ ತಾನಾಗಿ ಖಾಲಿಯಾಗಿ, ತಾನಾಗಿ ರೊಟ್ಟಿ ಕೇಳುತ್ತಿತ್ತು. ಮಧ್ಯಾಹ್ನ ರೆಪ್ಪೆ ಅಂಗಡಿಯ ಶಟರಿನಂತೆ ಇಳಿಯುತ್ತಿತ್ತು. ಆ ಚಳಿಗಾಲದಲ್ಲಿ ನನಗೆ ಒಂದು ಸೀನೂ ಬರಲಿಲ್ಲ.

ಆ ವರ್ಷ ಅಫಜಲಪುರಕ್ಕೆ ಹೋಗುವ ಕಬಡ್ಡಿ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದು ನನಗೆ ಬೇಕಿತ್ತು. ಪಕ್ಕದ ಹೊಲದ ಗೆಳೆಯನಿಗೂ ಬೇಕಿತ್ತು. ಹೊಸದಾಗಿ ಬಂದಿದ್ದ ಪಿ.ಟಿ. ಮಾಸ್ತರರು, ಹಕ್ಕಿ ಇಲ್ಲದ ಹೊತ್ತಿನಲ್ಲಿ ಹುಡುಗರು ಬಿಡುವಾಗಿರುತ್ತಾರೆಂದು ಆಯ್ಕೆಯನ್ನು ನಡುಮಧ್ಯಾಹ್ನಕ್ಕೆ ಇಟ್ಟರು.

ನಾನು ಹುಲಿಯಂತೆ ಗೆರೆ ದಾಟಿದೆ. ಎರಡು ಸಲ ಕಬಡ್ಡಿ ಅಂದೆ. ಮೂರನೆಯದಕ್ಕೆ ತೆರೆದ ಬಾಯಿ ಮುಚ್ಚಲಿಲ್ಲ. ಎತ್ತಿನಗಾಡಿ ಒಳಹೋಗಿ ತಿರುಗಿಸಿಕೊಂಡು ಬರುವಷ್ಟು ದೊಡ್ಡ ಆಕಳಿಕೆ. ಉಸಿರು ಕಡಿದು ಔಟಾದೆ. ನನ್ನನ್ನು ಹಿಡಿಯಬೇಕಿದ್ದ ಗೆಳೆಯ ಕುಕ್ಕರುಗಾಲಿನಲ್ಲಿ ಕೂತು ನಿದ್ದೆ ಹೋಗಿದ್ದ.

"ರಾತ್ರಿ ಏನ್ ಮಾಡ್ತೀರಲೇ?" ಮಾಸ್ತರರು ಕೇಳಿದರು.

"ಮಲಗ್ತೇವ್ರಿ ಸರ್," ಅಂದೆ ನಾನು.

"ಮತ್ತ ಈಗ?"

"ಈಗೂ ಮಲಗ್ತೇವ್ರಿ," ಗೆಳೆಯ ಕಣ್ಣು ಬಿಡದೆಯೇ ಹೇಳಿದ.

"ಅಫಜಲಪುರದಾಗ ಆಟ ಇದೇ ಹೊತ್ತಿಗದ. ಎರಡು ವಾರ ಬಿಟ್ಟು ನೋಡ್ತೇನಿ. ಎಚ್ಚರ ಇದ್ದಾವ ಬಸ್ ಹತ್ತಲಿ."

ಸಂಜೆ ಮಂಚಿಕೆಯ ಮೇಲೆ ಮುತ್ಯಾನ ಮುಂದೆ ಗೋಳು ಹೇಳಿಕೊಂಡೆ.

"ಮಧ್ಯಾಹ್ನ ಬೇಕಂದ್ರ ನಸುಕು ಬಿಡಬೇಕಾಗ್ತದ. ಎರಡೂ ಅಂದ್ರ ಮೈ ಕೇಳಂಗಿಲ್ಲ ಲೇ," ಅಂದ ಮುತ್ಯಾ.

"ನೀ ಒಬ್ಬಾವೇ ಹ್ಯಾಂಗ ಕಾಯ್ತಿ?"

"ನೀ ಹುಟ್ಟಾಕಿಂತ ಮೊದಲ ಹಕ್ಕಿ ಇದ್ದಿದ್ದಿಲ್ಲೇನು?"

ಮರುದಿನದಿಂದ ನನಗೆ ನಸುಕಿಲ್ಲ. ಅವ್ವ ಬೇಕೆಂದೇ ತಡವಾಗಿ ಉಣ್ಣಲಿಕ್ಕಿ, ತಡವಾಗಿ ಮಲಗಿಸಿದಳು. ಮಧ್ಯಾಹ್ನ ರೆಪ್ಪೆ ಇಳಿದಾಗಲೆಲ್ಲ ನೀರು ಎರಚಿದಳು. ಆ ನೀರಿನಲ್ಲಿ ಒಂದು ಎಕರೆ ಬಾಳೆ ಬೆಳೆಯಬಹುದಿತ್ತು. ಮೊದಲ ದಿನಗಳಲ್ಲಿ ತಲೆ ಭಾರ, ರೊಟ್ಟಿ ಬೇಡ, ಎಲ್ಲರ ಮೇಲೂ ಸಿಟ್ಟು. ಆಮೇಲೆ ನಿದ್ದೆ ದಿನಕ್ಕಿಷ್ಟು ಸರಿಯುತ್ತ ಹೋಯಿತು. ಗೆಳೆಯ ಮಾತ್ರ ಮಂಚಿಕೆ ಬಿಡಲಿಲ್ಲ. ಅವನ ಅಬ್ಬಾಗೆ ಹಕ್ಕಿ ಕಾಯಲು ಬೇರೆ ಕೈ ಇರಲಿಲ್ಲ. ಎರಡು ವಾರದ ಮೇಲೆ ಮಾಸ್ತರರು ನೋಡಿದಾಗ ಎಚ್ಚರವಿದ್ದವನು ನಾನು, ಬಸ್ ನಾನೇ ಹತ್ತಿದೆ.

ಅಫಜಲಪುರದಲ್ಲಿ ಸುಡುಬಿಸಿಲಿಗೆ ಕಣ್ಣರಳಿಸಿಕೊಂಡು ಆಡಿದೆ. ಎದುರಿನ ಏಳು ಮಂದಿಯಲ್ಲಿ ಒಂಬತ್ತು ಜನರನ್ನು ಮುಟ್ಟಿದೆ. ಆದರೂ ನಮ್ಮ ತಂಡ ಮೊದಲ ಆಟದಲ್ಲೇ ಸೋತಿತು.

ಮರುದಿನ ಮುತ್ಯಾನಿಗಿಂತ ಮೊದಲು ಹೊಲಕ್ಕೆ ಹೋಗುವೆನೆಂದು ಮಲಗಿದ್ದೆ. ಎದ್ದಾಗ ಕೌದಿಯ ಮೇಲೆ ಬಿಸಿಲು ಬಿದ್ದಿತ್ತು. ಓಡಿದೆ. ಒಬ್ಬನೇ ಹಕ್ಕಿಗೆ ಕೂಗಿ ಕೂಗಿ ಮುತ್ಯಾನ ದನಿ ಪೂರ್ತಿ ಒಡೆದಿತ್ತು.

"ಈಗ ಬಂದೇನು? ಅವು ಉಂಡು ಹೋದ್ವು," ಅಂದ, ಬೇಸರವಿಲ್ಲದೆ.

ಮಧ್ಯಾಹ್ನ ಅವನು ಎಂದಿನಂತೆ ಮಗ್ಗಲಾಗಿ ನನಗೂ ಜಾಗ ಬಿಟ್ಟ. ನಾನು ಪಕ್ಕದಲ್ಲಿ ಅಡ್ಡಾದೆ. ಗಾಳಿಗೆ ಜೋಳದ ಗರಿ ಸದ್ದು ಮಾಡುತ್ತಿತ್ತು. ಮುತ್ಯಾ ಗೊರಕೆ ಹೊಡೆಯತೊಡಗಿದ. ನನಗೆ ನಿದ್ದೆ ಬರಲಿಲ್ಲ.