ಟೈಲರಕ್ಕನ ಸಿಡಿಲು ಬಡಿದ ಟಿವಿ

ಹೊಲಿಗೆ ಮೆಷಿನಿಗೆ ಬಿಡುವ ಎಣ್ಣೆಗೆ ಅದರದ್ದೇ ಒಂದು ವಾಸನೆ. ಸೀಮೆಎಣ್ಣೆಯಷ್ಟು ಜೋರಲ್ಲ, ತೆಂಗಿನೆಣ್ಣೆಯಷ್ಟು ಮನೆಯದ್ದೂ ಅಲ್ಲ. ಹೊಸ ಬಟ್ಟೆಯ ಗಂಜಿ ವಾಸನೆಯ ಜೊತೆ ಸೇರಿದರೆ ಸ್ವಲ್ಪ ಸಿಹಿಯಾಗಿಯೇ ಮೂಗಿಗೆ ಬರುತ್ತದೆ. ಕಳೆದ ವಾರ ಪುತ್ತೂರಿನ ದರ್ಬೆಯಲ್ಲಿ ಬ್ಲೌಸ್ ಹೊಲಿಸಲೆಂದು ಒಂದು ಅಂಗಡಿಗೆ ಹೋಗಿದ್ದೆ. ಹೊಲಿಯುವ ಹುಡುಗಿ ಮೆಷಿನಿನ ತೂತಿಗೆ ಎಣ್ಣೆಯ ಹನಿ ಬಿಟ್ಟು ಚಕ್ರ ತಿರುಗಿಸಿದಳು, ಅಷ್ಟೇ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು, ಬೆಂಚಿನಲ್ಲಿ ನನ್ನ ಪಕ್ಕದವರು ಏನೋ ಕೇಳುತ್ತಲೇ ಇದ್ದರು. ನಾನು ಮಾತ್ರ ಅಲ್ಲಿರಲಿಲ್ಲ. ನೆಟ್ಟಣದಲ್ಲಿದ್ದೆ, ಟೈಲರಕ್ಕನ ಕೋಣೆಯಲ್ಲಿ...

ಮದುವೆಯಾದ ಹೊಸತು. ನನ್ನವರಿಗೆ ರೈಲ್ವೆಯಲ್ಲಿ ಕೆಲಸ, ನೆಟ್ಟಣ ಸ್ಟೇಷನ್ನಿಗೆ ಹಾಕಿದ್ದರು. ಅವರು ಶಿಫ್ಟ್ ಮುಗಿಸಿ ಬಂದರೆ ಉಂಡು ಮಲಗುವುದು, ಎದ್ದರೆ ಮತ್ತೆ ಶಿಫ್ಟ್. ಪುತ್ತೂರು ಪೇಟೆಯ ನಡುವೆ ಬೆಳೆದ ನನಗೆ ಬಾಯಿ ಮುಚ್ಚಿ ಕೂತು ಅಭ್ಯಾಸವೇ ಇಲ್ಲ. ಕ್ವಾರ್ಟರ್ಸಿನ ಗೋಡೆಗಳ ಹತ್ತಿರ ಎಷ್ಟು ಮಾತಾಡುವುದು? ಹಾಗೆ ಒಂದು ದಿನ ಸೀರೆಗೆ ಫಾಲ್ ಹಾಕಿಸುವ ನೆಪದಲ್ಲಿ ಮಾರ್ಗದ ಬದಿಯ ಆ ಕೋಣೆಗೆ ಹೋದವಳು, ಆಮೇಲೆ ದಿನಾ ಹೋದೆ.

ಅವರ ಹೆಸರು ಬರೆಯುವುದಿಲ್ಲ. ಆ ಕಡೆ ಟೈಲರಕ್ಕಂದಿರು ಬೇಕಾದಷ್ಟು ಜನ ಇದ್ದರು, ಇವರು ಯಾರೆಂದು ಹುಡುಕಲು ಹೋಗಬೇಡಿ. ಗುರುತು ಸಿಗದ ಹಾಗೆ ಒಂದೆರಡು ಸಂಗತಿಗಳನ್ನು ಬೇಕೆಂದೇ ಅದಲು ಬದಲು ಮಾಡಿದ್ದೇನೆ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಅಕ್ಕನ ಮೆಷಿನು ಗೋಡೆಗೆ ಮುಖ ಮಾಡಿತ್ತು. ಎಡಕ್ಕೆ ಕಿಟಕಿ, ಬೆನ್ನಿಗೆ ಬಾಗಿಲು. ಎದುರಿನ ಗೋಡೆಗೆ ತಾಗಿಸಿ ಒಂದು ಸ್ಟೂಲು, ಅದರ ಮೇಲೆ ದೊಡ್ಡ ಹೊಟ್ಟೆಯ ಹಳೆಯ ಟಿವಿ. ದುಬೈಯಲ್ಲಿದ್ದ ತಮ್ಮ ಮೊದಲ ಸಲ ಊರಿಗೆ ಬರುವಾಗ ಹೊತ್ತು ತಂದದ್ದು. ಮುಂದೆ ಯಾವುದೋ ಬೇಸಿಗೆಯ ಸಿಡಿಲಿಗೆ ಅದರ ಪ್ರಾಣ ಹೋಗಿತ್ತು. ಆದರೂ ಅಕ್ಕ ದಿನಾ ಬೆಳಿಗ್ಗೆ ವೆಲ್ವೆಟ್ ತುಂಡಿನಿಂದ ಅದರ ಗಾಜನ್ನು ಉಜ್ಜಿ ಉಜ್ಜಿ ಒರೆಸುತ್ತಿದ್ದರು, ದೇವರ ದೀಪಕ್ಕೂ ಅಷ್ಟು ಉಪಚಾರ ಇರಲಿಲ್ಲ. ಬಂದವರೆಲ್ಲ ತಮಾಷೆ ಮಾಡುತ್ತಿದ್ದರು.

"ಅಕ್ಕಾ, ಆ ಡಬ್ಬವನ್ನು ಗುಜರಿಗೆ ಕೊಡಿ ಮಾರಾಯ್ರೆ!"

"ಇರ್ಲಿ ಬಿಡಿ, ಅದೆಂತ ಅನ್ನ ಕೇಳ್ತದಾ?" ಎಂದು ನಕ್ಕು ಅಕ್ಕ ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದರು.

ಯಾರೇ ಬಾಗಿಲಿಗೆ ಬರಲಿ, ಅಕ್ಕ ತಿರುಗಿ ನೋಡುತ್ತಿರಲಿಲ್ಲ. ಕಾಲು ಮೆಟ್ಟುತ್ತಲೇ, "ಬನ್ನಿ, ಕೂತ್ಕೊಳ್ಳಿ. ನಿಮ್ಮದು ಬಟನ್ ಹಾಕುದೊಂದೇ ಬಾಕಿ" ಎನ್ನುತ್ತಿದ್ದರು. ನೋಡಿದರೆ ಅದು ಬಂದವರದ್ದೇ ಬ್ಲೌಸು! ಬೆನ್ನಿಗೂ ಎರಡು ಕಣ್ಣಿವೆ ಎಂದು ಮಕ್ಕಳು ನಂಬಿದ್ದರು. ಅರ್ಧ ನಾನೂ ನಂಬಿದ್ದೆ.

ಆ ಮಧ್ಯಾಹ್ನಗಳು ಈಗ ನೆನೆದರೆ ನಿಜವಾಗಿ ಇದ್ದವೋ ಇಲ್ಲವೋ ಎನಿಸುತ್ತದೆ. ಮೆಷಿನು ಒಂದೇ ಸಮನೆ ಕಟಕಟ ಎನ್ನುವುದು, ನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು. ನಾನು ಚಾಪೆಯಲ್ಲಿ ಕೂತು ಹೆಮ್ಮಿಂಗ್ ಮಾಡುತ್ತಾ ಹಾಗೇ ತೂಕಡಿಸುವುದು. ಕಣ್ಣು ಅರ್ಧ ತೆರೆದರೆ ಎದುರಿಗೆ ಆ ಕಪ್ಪು ಗಾಜು. ಅದರೊಳಗೆ ಇಡೀ ಕೋಣೆ ಬಟ್ಟಲಿನ ಹಾಗೆ ಬಾಗಿ ಕೂತಿರುತ್ತಿತ್ತು. ಕಿಟಕಿ ಒಂದು ಬಿಳಿ ಚುಕ್ಕೆ, ಬಾಗಿಲು ಒಂದು ಉದ್ದ ಬೆಳಕು, ಬಾಗಿಲಿನಾಚೆ ಮಾರ್ಗ, ಮಾರ್ಗದಾಚೆ ಹಳಿ. ಅಲ್ಲಿ ಬಣ್ಣಗಳಿರಲಿಲ್ಲ, ಎಲ್ಲವೂ ಹಾಲು ಹಾಕದ ಕಣ್ಣ ಚಹಾದೊಳಗೆ ಮುಳುಗಿದ ಹಾಗೆ. ಮಾರ್ಗದಲ್ಲಿ ಯಾರಾದರೂ ಬಂದರೆ ಇರುವೆಯಷ್ಟು ಕಂಡು, ನಿಧಾನಕ್ಕೆ ಬೆಳೆದು, ಬಾಗಿಲಲ್ಲಿ ಮನುಷ್ಯರಾಗುತ್ತಿದ್ದರು. ಕೆಲವೊಮ್ಮೆ ಗಾಜಿನೊಳಗಿನ ಆ ಊರೇ ಸಣ್ಣಗೆ ನಡುಗುತ್ತಿತ್ತು. "ಗಾಡಿ ಬಂತು ನೋಡು" ಎನ್ನುತ್ತಿದ್ದರು ಅಕ್ಕ. ಆಮೇಲಷ್ಟೇ ನನಗೆ ಗೂಡ್ಸಿನ ಸದ್ದು ಕೇಳುತ್ತಿತ್ತು...

ನಾನು ಮಾತಾಡುವಾಗ ಮಾತ್ರ ಅಕ್ಕ ಮೆಷಿನು ನಿಲ್ಲಿಸಿ, ಪೂರ್ತಿ ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸುವುದೂ ಕಡಿಮೆ. ಅತ್ತೆಯ ಮೇಲಿನ ಸಿಟ್ಟು, ಗಂಡನ ಗೊರಕೆ, ಪುತ್ತೂರಿನ ಸಂಜೆಗಳು, ಎಲ್ಲವನ್ನೂ ಸುರಿಯುತ್ತಿದ್ದೆ. ಅಬ್ಬಾ, ನನ್ನ ಮಾತಿಗೂ ಇಷ್ಟು ಬೆಲೆ ಕೊಡುವವರಿದ್ದಾರಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಮರುವರ್ಷ ತಮ್ಮ ರಜೆಯಲ್ಲಿ ಬಂದ. ಅಕ್ಕನೆಂದರೆ ಅವನಿಗೆ ಜೀವ. ಅಪ್ಪನಿಲ್ಲದ ಮನೆಯಲ್ಲಿ ಅವನನ್ನು ಓದಿಸಿ ವಿಮಾನ ಹತ್ತಿಸಿದ್ದೇ ಈ ಹೊಲಿಗೆ ಮೆಷಿನು. ಅಕ್ಕ ನೂಲು ತರಲು ಪುತ್ತೂರಿಗೆ ಹೋದ ದಿನ ನೋಡಿಕೊಂಡು, ಮಂಗಳೂರಿನಿಂದ ಗೋಡೆಗೆ ಹಾಕುವ ಚಪ್ಪಟೆ ಟಿವಿ ತರಿಸಿ, ಅದೇ ಗೋಡೆಯಲ್ಲಿ ಎತ್ತರಕ್ಕೆ ಮೊಳೆ ಹೊಡೆಸಿ ಕೂರಿಸಿದ. ಹಳೆಯದ್ದನ್ನು ಗುಜರಿಯವರ ಗಾಡಿಗೆ ಹಾಕಿ ಕಳಿಸಿದ. ಅಕ್ಕ ಬರುವಾಗ ನಾವೆಲ್ಲ ಬಾಗಿಲಲ್ಲಿ ನಗುತ್ತಾ ನಿಂತಿದ್ದೆವು.

ಅಕ್ಕ ಹೊಸ ಟಿವಿಯನ್ನು ನೋಡಲೇ ಇಲ್ಲ. ಖಾಲಿ ಸ್ಟೂಲನ್ನು ನೋಡಿದರು. ಮುಖ ಬಿಳುಚಿಕೊಂಡಿತು. ಮರುಕ್ಷಣ ತಮ್ಮನ ತಲೆ ಸವರಿ, "ಲಾಯ್ಕುಂಟು ಮಗಾ" ಎಂದರು. ಅವನು ರಿಮೋಟು ಹಿಡಿದು ಯಾವುದೋ ನಗೆಯ ಕಾರ್ಯಕ್ರಮ ಹಾಕಿದ. ಅಕ್ಕ ಟಿವಿ ಬಿಟ್ಟು ಅವನ ಮುಖ ನೋಡುತ್ತಾ, ಅವನು ನಕ್ಕಾಗಲೆಲ್ಲ ತಾವೂ ನಕ್ಕರು. ಪ್ರೀತಿ ಅಂದರೆ ಹೀಗಿರಬೇಕು ಎಂದುಕೊಂಡೆ, ದಡ್ಡಿ ನಾನು.

ತಮ್ಮ ದುಬೈಗೆ ಹೋದ. ಊರಿನ ಬಾಯಿ ತೆರೆಯಿತು. ಬಾಗಿಲಲ್ಲಿ ನಿಂತು ಕರೆದರೂ ಟೈಲರಕ್ಕ ತಿರುಗುವುದಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುವುದಿಲ್ಲ. ಒಂದು ದಿನ ಟಿವಿ ಹಾಕಿದ್ದರಂತೆ, ಸದ್ದು ಸ್ಟೇಷನ್ನಿನವರೆಗೆ ಕೇಳುತ್ತಿತ್ತಂತೆ. "ಹೊಸ ಟಿವಿ ಬಂದದ್ದೇ ಬಂದದ್ದು, ಕೊಂಬು ಬಂತು ನೋಡಿ ಅವಳಿಗೆ!" ಎಂದು ಹಾಲಿನ ಡೈರಿಯ ಹತ್ತಿರ ಮಾತು. ಮೂರು ನಾಲ್ಕು ಮನೆಯವರು ಅಳತೆ ಬ್ಲೌಸು ವಾಪಸು ಪಡೆದು ಕಡಬದಲ್ಲಿ ಹೊಲಿಸತೊಡಗಿದರು. ನಾನು ಅಕ್ಕನ ಪರವಾಗಿ ಎಲ್ಲರ ಹತ್ತಿರ ಜಗಳಕ್ಕೆ ನಿಂತೆ. ಹಾಗಿರುವಾಗ ನನಗೂ ಹಾಗೇ ಆಯಿತು. ಬಾಗಿಲಲ್ಲಿ ನಿಂತು ಕರೆದೆ, ಕರೆದೆ, ಕರೆದೆ. ಅಕ್ಕ ಕಾಜ ಹೊಲಿಯುತ್ತಾ ಕೂತಿದ್ದರು, ಮೆಷಿನು ಸಹ ಓಡುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ದಡದಡನೆ ಹೋಗಿ ಭುಜದ ಮೇಲೆ ಕೈಯಿಟ್ಟೆ.

ಅಕ್ಕ ಹಾರಿ ಬಿದ್ದರು. ಕತ್ತರಿ ನೆಲಕ್ಕೆ ಬಿತ್ತು.

"ಎಂತ ಅಕ್ಕ, ಕಿವಿ ಕೇಳುದಿಲ್ವಾ ನಿಮಗೆ? ಆಗದಿಂದ ಬೊಬ್ಬೆ ಹೊಡೀತಾ ಇದ್ದೇನೆ!"

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಕಣ್ಣು ತುಂಬಿ ಬಂತು.

"ಇಲ್ಲ," ಎಂದರು. "ಕೇಳುದಿಲ್ಲ."

ನಾನು ನಕ್ಕೆ. ತಮಾಷೆ ಎಂದುಕೊಂಡೆ.

"ನಿಜ ಮಾರಾಯ್ತಿ. ಏನೂ ಕೇಳುದಿಲ್ಲ. ನೀನು ಬರುವ ಮೊದಲೇ ಹೋಗಿಯಾಗಿತ್ತು."

ಆಮೇಲೆ ಎಲ್ಲ ಹೇಳಿದರು. ಒಂದು ಜ್ವರದ ನಂತರ ಸದ್ದುಗಳು ಒಂದೊಂದಾಗಿ ದೂರವಾದವಂತೆ. ಮೊದಲು ಹಕ್ಕಿಗಳು, ಆಮೇಲೆ ಮಳೆ, ಕೊನೆಗೆ ಮೆಷಿನು... ಗಾಡಿ ಬಂದದ್ದು ಕಾಲಡಿಯ ನೆಲ ಹೇಳುತ್ತಿತ್ತು, ಬಾಗಿಲಿಗೆ ಬಂದವರನ್ನು ಸತ್ತ ಟಿವಿಯ ಗಾಜು ತೋರಿಸುತ್ತಿತ್ತು, ಮಾತನ್ನು ತುಟಿಯಿಂದ ಓದುತ್ತಿದ್ದರು. ಹೊಸ ಟಿವಿ ಎತ್ತರದಲ್ಲಿ ಚಪ್ಪಟೆಗೆ ಕೂತಿತ್ತು. ಅದರಲ್ಲಿ ಕಾಣುವುದು ತಲೆಯ ಮೇಲಿನ ಮಬ್ಬು ಮಾಡು ಮಾತ್ರ.

"ಹೇಳಿದ್ದರೆ ಎಂತ ಆಗ್ತಿತ್ತು ಅಕ್ಕ?" ಎಂದೆ.

"ನಮ್ಮ ಅಮ್ಮನಿಗೂ ಹೀಗೇ ಆದದ್ದು. ಊರಿಡೀ ಕೆಪ್ಪಿ ಅಂತಲೇ ಕರೆದದ್ದು. ಅಮ್ಮ ಸತ್ತ ಮೇಲೆ ಬೊಜ್ಜದ ಊಟಕ್ಕೆ ಬಂದವರು ಸಹ ಕೆಪ್ಪಿಯ ಬೊಜ್ಜ ಅಂತಲೇ ಹೇಳಿ ಉಂಡು ಹೋದ್ರು. ನನಗೆ ಅದು ಬೇಡ. ಮತ್ತೆ ತಮ್ಮನಿಗೆ ಗೊತ್ತಾದ್ರೆ ಈ ಕೋಣೆ ಮುಚ್ಚಿಸಿ ನನ್ನನ್ನು ಸುಮ್ಮನೆ ಕೂರಿಸ್ತಾನೆ. ಕೂತು ನಾನು ಎಂತ ಮಾಡುದು ಹೇಳು? ಯಾರಿಗೂ ಹೇಳ್ಬೇಡ ಆಯ್ತಾ. ನಿನ್ನ ಗಂಡನಿಗೂ."

ನಾನು ಹಣೆ ಮುಟ್ಟಿ ಆಣೆ ಹಾಕಿ, ಹೇಳುವುದಿಲ್ಲ ಎಂದೆ. ನನ್ನಂಥ ಬಾಯಿಬಡುಕಿಯ ಹತ್ತಿರ ಎಂಥ ಗುಟ್ಟು ಕೊಟ್ಟರು ನೋಡಿ! ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆಲೇ ಹೊಳೆಯಿತು: ನನ್ನ ಮಾತಿಗೆ ಮೆಷಿನು ನಿಲ್ಲಿಸಿ ಮುಖ ನೋಡುತ್ತಿದ್ದದ್ದು ಇದಕ್ಕೆ! ಮೊದಲು ಅವಮಾನವಾಯಿತು. ಆಮೇಲೆ ಯೋಚಿಸಿದೆ. ಕಿವಿ ಇದ್ದವರು ಅರ್ಧ ಕೇಳಿ ಹೂಂ ಅನ್ನುತ್ತಾರೆ. ಒಂದೊಂದು ಶಬ್ದವನ್ನೂ ನನ್ನ ತುಟಿಯಿಂದ ಹೆಕ್ಕಿಕೊಂಡವರು ಅವರೊಬ್ಬರೇ. ಆ ರಾತ್ರಿ ನನಗೆ ಅಳು ತಡೆಯಲಾಗಲಿಲ್ಲ.

ಮೆಷಿನನ್ನು ಬಾಗಿಲ ಕಡೆ ತಿರುಗಿಸೋಣ ಎಂದೆ. "ಬೆಳಕು ಬಲಕ್ಕೆ ಬಂದ್ರೆ ಕೈಯ ನೆರಳು ಸೂಜಿಗೆ ಬೀಳ್ತದೆ" ಎಂದರು. ಕನ್ನಡಿ ಇಡೋಣ ಎಂದೆ. "ಕನ್ನಡಿ ಎಂತಕ್ಕೆ ಅಂತ ಎಲ್ಲರೂ ಕೇಳ್ತಾರೆ. ಟಿವಿ ಎಂತಕ್ಕೆ ಅಂತ ಯಾರೂ ಕೇಳುದಿಲ್ಲ." ಹಾಗಾದರೆ ಉಳಿದದ್ದು ಒಂದೇ ದಾರಿ. ಬಸ್ಸು ಹತ್ತಿ ಕಡಬದ ಗುಜರಿ ಅಂಗಡಿಗೆ ಹೋದೆ.

"ಅದು ಹೋಯ್ತಲ್ಲ ಅಮ್ಮ," ಎಂದರು ಅಂಗಡಿಯ ಯಜಮಾನರಾದ ಬ್ಯಾರಿಗಳು. "ಆವತ್ತೇ ಒಡೆದು ತಾಮ್ರ ತೆಗ್ದಾಯ್ತು. ಬೇರೆ ಬೇಕಾದ್ರೆ ಹಿಂದೆ ಉಂಟು, ನೋಡಿ."

ಹಿಂದಿನ ತಗಡಿನ ಮಾಡಿನ ಕೆಳಗೆ ಹೋಗಿ ನಿಂತವಳು ಹಾಗೇ ನಿಂತುಬಿಟ್ಟೆ. ಗೋಡೆಯುದ್ದಕ್ಕೂ ಟಿವಿಗಳು. ಪುತ್ತೂರಿನಿಂದ, ಸುಳ್ಯದಿಂದ, ಎಲ್ಲೆಲ್ಲಿಂದಲೋ ಬಂದವು. ಮದುವೆಗೆ ಸಿಕ್ಕಿದ್ದು, ಕಂತಿನಲ್ಲಿ ಕೊಂಡದ್ದು, ವಿದೇಶದಿಂದ ಬಂದದ್ದು. ಒಂದು ಕಾಲಕ್ಕೆ ಊರಿಗೆ ಊರೇ ಎದುರು ಕೂತು ನೋಡಿದ ಪೆಟ್ಟಿಗೆಗಳು ಈಗ ಸಾಲಾಗಿ ಸುಮ್ಮನೆ ನನ್ನನ್ನು ನೋಡುತ್ತಿದ್ದವು. ಒಂದೊಂದರ ಗಾಜಿನೊಳಗೂ ಒಂದೊಂದು ಸಣ್ಣ ಅಂಗಳ, ಅಂಗಳದಲ್ಲಿ ಸಣ್ಣ ನಾನು. ನಾನು ಕೈ ಎತ್ತಿದರೆ ಅವರೆಲ್ಲರೂ ಕೈ ಎತ್ತಿದರು... ಎಷ್ಟು ಹೊತ್ತು ನಿಂತಿದ್ದೆನೋ.

ಮತ್ತೆ ಒಂದು ಡಬ್ಬ ಕವುಚಿ ಹಾಕಿ, ಗೇಟಿಗೆ ಬೆನ್ನು ಮಾಡಿ, ಒಂದೊಂದು ಟಿವಿಯ ಎದುರೂ ಕೂತು ನೋಡತೊಡಗಿದೆ.

"ಅಮ್ಮ, ನಿಮಗೆ ಟಿವಿ ಬೇಕಾದ್ದಾ, ಕೂತ್ಕೊಳ್ಳಿಕ್ಕೆ ಜಾಗ ಬೇಕಾದ್ದಾ?"

"ನೀವು ಸ್ವಲ್ಪ ಗೇಟಿನ ಹತ್ರ ಹೋಗಿ ನಿಲ್ಲಿ ನೋಡುವ."

ಪಾಪ, ಹೋಗಿ ನಿಂತರು. ಒಂದು ಗಾಜಿನಲ್ಲಿ ಅವರ ಗಡ್ಡ ಸಹ ಚೆನ್ನಾಗಿ ಕಂಡಿತು. "ಇದೇ ಬೇಕು" ಎಂದೆ.

"ಅದು ಆನ್ ಆಗುದಿಲ್ಲಮ್ಮ!"

"ಆಗ್ಬಾರದು ಬ್ಯಾರಿಗಳೇ. ಆನ್ ಆದ್ರೆ ನನಗೆ ಬೇಡ."

ಅವರು ಕಣ್ಣು ಬಿಟ್ಟುಕೊಂಡು ನೋಡಿ, ಟಿವಿಯನ್ನು ರಿಕ್ಷಾಕ್ಕೆ ಏರಿಸಿದರು. ಮನೆಯಲ್ಲಿ ನನ್ನವರು, "ಕಡಬಕ್ಕೆ ಹೋಗಿ ಸತ್ತ ಟಿವಿ ತಂದ್ಯಾ? ತಲೆ ಸರಿ ಉಂಟಾ ನಿನಗೆ?" ಎಂದು ಕೇಳಿದರು. ಅಕ್ಕನಿಗೆ ಬಟ್ಟೆ ಇಡಲಿಕ್ಕೆ ಎಂದೆ. ಅವರಿಗೆ ನಿದ್ದೆ ಬಂದಿತ್ತು, ಹೆಚ್ಚು ಕೇಳಲಿಲ್ಲ.

ಅಕ್ಕನ ಕೋಣೆಯಲ್ಲಿ ಈಗ ಮೇಲೆ ಗೋಡೆಯಲ್ಲಿ ಹೊಸ ಟಿವಿ, ಅದರ ಕೆಳಗೆ ಸ್ಟೂಲಿನಲ್ಲಿ ಸತ್ತ ಟಿವಿ. ಮಾರನೆಯ ದಿನ ನಾನು ಚಪ್ಪಲಿ ಕಳಚಿ, ಉಸಿರು ಹಿಡಿದು, ಬಾಗಿಲಲ್ಲಿ ನಿಂತೆ.

"ಬಾ ಮಾರಾಯ್ತಿ," ಎಂದರು ಅಕ್ಕ, ತಿರುಗದೆಯೇ. "ಕಳ್ಳಿಯ ಹಾಗೆ ನಿಂತದ್ದೆಂತ?"

ಇಬ್ಬರೂ ನಕ್ಕೆವು. ನಕ್ಕು ನಕ್ಕು ಕಣ್ಣಲ್ಲಿ ನೀರು. ಕಡಬಕ್ಕೆ ಹೋಗಿದ್ದ ಬ್ಲೌಸುಗಳು ಒಂದೊಂದಾಗಿ ಮರಳಿದವು. ಟೈಲರಕ್ಕನಿಗೆ ಕೊಂಬು ಇಳಿಯಿತು, ಆದರೆ ಸ್ವಲ್ಪ ಮರ್ಲು ಹಿಡಿದಿದೆ, ಒಂದು ಗೋಡೆಗೆ ಎರಡು ಟಿವಿ ಯಾರಾದರೂ ಇಡುತ್ತಾರಾ ಎಂದು ಊರು ತೀರ್ಮಾನಿಸಿತು. ಅಕ್ಕನಿಗೆ ಅದು ತಿಳಿದು ಖುಷಿಯೋ ಖುಷಿ. "ಮರ್ಲು ಅಂದ್ರೆ ಅಡ್ಡಿಯಿಲ್ಲ" ಎಂದರು.

ಮರುವರ್ಷ ನಮಗೆ ವರ್ಗವಾಯಿತು, ಘಟ್ಟದ ಮೇಲೆ. ಎರಡು ಸಲ ಬಂದು ಅಕ್ಕನನ್ನು ನೋಡಿದೆ. ಆಮೇಲೆ ಮಕ್ಕಳು, ಶಾಲೆ, ಮತ್ತೆ ವರ್ಗ... ಫೋನು ಮಾಡುವಂತಿರಲಿಲ್ಲ. ಅವರು ಎತ್ತುವುದು ಹೇಗೆ? ಬೇರೆಯವರ ಕೈಯಲ್ಲಿ ಹೇಳಿಸಿದರೆ, ಫೋನು ಅಕ್ಕನ ಕೈಗೇ ಕೊಡಿ ಎಂದು ನಾನು ಯಾಕೆ ಕೇಳುವುದಿಲ್ಲ ಎಂದು ಪ್ರಶ್ನೆ ಬರುತ್ತದೆ. ಗುಟ್ಟು ಕಾಯಲು ಹೋಗಿ ಮನುಷ್ಯರೇ ಕೈತಪ್ಪಿ ಹೋದರು. ನಾವು ಪುತ್ತೂರಿಗೇ ಮರಳಿ ಬಂದು ಎರಡು ವರ್ಷವಾದರೂ ನಾಳೆ ಹೋಗುವ, ನಾಡಿದ್ದು ಹೋಗುವ ಎಂದು ಹೋಗದೇ ಉಳಿದೆ.

ದರ್ಬೆಯ ಅಂಗಡಿಯಲ್ಲಿ ನನ್ನ ಸರದಿ ಬಂತು. ಅಳತೆ ಕೊಡುತ್ತಾ, ಎಲ್ಲಿ ಕಲಿತದ್ದು ಎಂದು ಹುಡುಗಿಯನ್ನು ಕೇಳಿದೆ. ನೆಟ್ಟಣದ ಕಡೆ ಎಂದಳು. ಯಾರ ಹತ್ತಿರ ಎಂದೆ. ಅವಳು ಹೇಳಿದ್ದು ಟೈಲರಕ್ಕನ ಹೆಸರನ್ನೇ.

"ಹೋದ ಮಳೆಗಾಲದಲ್ಲಿ ತೀರಿಕೊಂಡ್ರು ಅಮ್ಮ. ನಿಮಗೆ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಬೆಂಚಿನಲ್ಲಿ ಕೂತುಬಿಟ್ಟೆ. ಹೋಗಬೇಕಿತ್ತು, ಒಂದು ಸಲ ಹೋಗಿ ಆ ಬಾಗಿಲಲ್ಲಿ ನಿಲ್ಲಬೇಕಿತ್ತು. ಹುಡುಗಿ ಟೇಪು ಕೊರಳಿಗೆ ಹಾಕಿಕೊಂಡು ತನ್ನಷ್ಟಕ್ಕೆ ಹೇಳುತ್ತಲೇ ಇದ್ದಳು.

"ನಾಲ್ಕು ವರ್ಷ ಅವರ ಪಕ್ಕದಲ್ಲೇ ಕೂತು ಕಲ್ತದ್ದು ನಾನು. ಭಾರೀ ಸೂಕ್ಷ್ಮ ಅಮ್ಮ ಅವರ ಕಿವಿ! ಬಾಗಿಲಿಗೆ ಯಾರು ಬಂದ್ರೂ ನನಗಿಂತ ಮೊದ್ಲು ಅವರಿಗೇ ಗೊತ್ತಾಗುದು. ಕಿವಿ ಎಲ್ಲಿಟ್ಟಿದ್ದಿ ಅಂತ ನನಗೇ ಬೈಯ್ತಿದ್ರು. ಊರಲ್ಲಿ ಈಗಲೂ ಎಲ್ಲ ಅದನ್ನೇ ಹೇಳುದು."

ನಾನು ಅವಳ ಮುಖ ನೋಡಿದೆ. ಅವಳಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

"ಹೌದು ಮಗಾ," ಎಂದೆ. "ಅಂಥ ಕಿವಿ ನಾನೂ ಎಲ್ಲಿಯೂ ಕಂಡಿಲ್ಲ."